ಸ್ಪೇನ್‌ನ ಹಳೇ ಚರ್ಚ್‌ಗಳು: ಒಂದು ವಾರದಲ್ಲಿ ಏನು ನೋಡಲಿ, ಹೇಗೆ ನೋಡಲಿ?

ಚಿಂತಾಮಣಿ_ಟೀಚರ್

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ಹತ್ತಿರದ ಒಂದು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ತಮ್ಮ ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿದ್ದಾನೆ. ಈ ಬೇಸಿಗೆ ರಜೆಗೆ ಬಂದುಹೋಗು ಅಕ್ಕಾ ಅಂತ ಟಿಕೆಟ್ ಮಾಡಿಸಿದ್ದಾನೆ. ಅವನಿಗೆ ರಜಾ ಸಿಗೋದು ಒಂದು ವಾರ. ಅಷ್ಟರಲ್ಲಿ ಹಳೇ ಚರ್ಚ್‌ಗಳನ್ನು ನೋಡಬೇಕು ಅನ್ನೋದು ನನ್ನ ಆಸೆ.

ಅವನು ಕಳಿಸಿದ ಒಂದು ಫೋಟೋ ತಲೆಯಲ್ಲಿ ಕೂತುಬಿಟ್ಟಿದೆ. ಬಯಲಲ್ಲಿ ಒಂದು ಸಣ್ಣ ಕಟ್ಟಡ. ಪಕ್ಕದಲ್ಲಿ ಉದ್ದಕ್ಕೂ ಕಂಬದ ಸಾಲು. ಕಂಬದ ಮೇಲೆ ಕುದುರೆ ಲಾಳದ ಆಕಾರದ ಕಮಾನು, ಕೆಳಗೆ ಬರುತ್ತಾ ಒಳಕ್ಕೆ ಬಾಗುತ್ತದೆ. ಯಾರೇ ನೋಡಿದರೂ ಮಸೀದಿ ಅಂತಾರೆ. ಅಡಿಯಲ್ಲಿ ಅವನು "ಸಾನ್ ಮಿಗೇಲ್ ದೆ ಎಸ್ಕಲಾದಾ, ಚರ್ಚ್, ಕ್ರಿ.ಶ. 913" ಅಂತ ಬರೆದಿದ್ದಾನೆ. ಚರ್ಚಿಗೆ ಈ ಕಮಾನು ಎಲ್ಲಿಂದ ಬಂತು?

ಇನ್ನೊಂದು ವಿಷಯ. ಆವನಿ, ಕುರುಡುಮಲೆ, ನಂದಿಯ ಭೋಗನಂದೀಶ್ವರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿರುತ್ತೇನೆ. ಅಲ್ಲಿ ಎಲ್ಲಿ ನಿಂತರೂ ಪಕ್ಕದಲ್ಲೊಂದು ಕಂಬ ಇರುತ್ತದೆ. ಸ್ಪೇನ್‌ನ ಚರ್ಚ್‌ಗಳ ಫೋಟೋದಲ್ಲಿ ನೋಡಿದರೆ ನಡುವೆ ಕಂಬವೇ ಇಲ್ಲದೆ ಅಷ್ಟಗಲ ಜಾಗ, ಮೇಲೆ ಕಲ್ಲಿನದೇ ಮಾಡು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು, "ಮಿಸ್, ನಮ್ಮ ದೇವಸ್ಥಾನ ಕಟ್ಟಿದವರು ಯಾಕೆ ಕಮಾನು ಹಾಕಲಿಲ್ಲ?" ಅವಳಿಗೆ ಸುಮ್ನೆ ಏನೋ ಒಂದು ಹೇಳಿ ಕೂರಿಸೋಕೆ ನನಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ಹೇಳಿ. ಟೂರ್ ಪ್ಯಾಕೇಜ್‌ನವರ ಲಿಸ್ಟ್ ಬೇಡ.

ಶಿರಾಗೇಟ್_ತುಮಕೂರು

ಮೇಡಂ, ಒಂದೇ ವಾರ ಅಂದರೆ ದೊಡ್ಡದನ್ನೇ ನೋಡಿ. ಸೆವಿಲ್ ಬಿಡಬೇಡಿ. ಅಲ್ಲಿ ಇದ್ದ ದೊಡ್ಡ ಮಸೀದಿಯ ಜಾಗದಲ್ಲಿ ಕೆಥೆಡ್ರಲ್ (ಬಿಷಪ್ಪರ ಮುಖ್ಯ ಚರ್ಚ್) ಕಟ್ಟಬೇಕು ಅಂತ 1401ರಲ್ಲಿ ತೀರ್ಮಾನ ಮಾಡಿದರು. ಮುಗಿಯುವಷ್ಟರಲ್ಲಿ ನೂರು ವರ್ಷ ದಾಟಿತ್ತು. ಪ್ರಪಂಚದಲ್ಲೇ ಅತಿ ದೊಡ್ಡ ಗೋಥಿಕ್ (ಚೂಪು ಕಮಾನಿನ ಶೈಲಿಯ) ಕೆಥೆಡ್ರಲ್ ಅದು. ಮಸೀದಿಯ ಮಿನಾರನ್ನು ಕೆಡವದೆ ಗಂಟೆ ಗೋಪುರ ಮಾಡಿಕೊಂಡರು, ಹಿರಾಲ್ಡಾ ಅಂತ ಹೆಸರು. ಅದರೊಳಗೆ ಮೆಟ್ಟಿಲ ಬದಲು ಇಳಿಜಾರು ದಾರಿ ಇದೆ, ಹತ್ತೋಕೆ ಕಾಲು ನೋಯಲ್ಲ. ಆಮೇಲೆ ಬುರ್ಗೋಸ್, 1221ರಲ್ಲಿ ಶುರುವಾಗಿದ್ದು. ಆಮೇಲೆ ತೊಲೇದೊ, ಮ್ಯಾಡ್ರಿಡ್‌ಗೆ ತುಂಬಾ ಹತ್ತಿರ.

ಹಳ್ಳಿ ಕಡೆಯ ಸಣ್ಣ ಚರ್ಚ್‌ಗಳಿಗೆ ಹೋಗೋಕೆ ಬಸ್ ಸರಿಯಾಗಿ ಇರಲ್ಲ. ದಿನ ಹಾಳು. ಮೊದಲ ಸಲ ಹೋಗುವವರಿಗೆ ನಾನಂತೂ ಹೇಳಲ್ಲ.

ಮಾಲೂರು_ಕಲ್ಲುಕೆಲಸ

ಮೇಡಂ, ನಾನು ಮಾಲೂರು ತಾಲ್ಲೂಕಿನವನು, ಶಿವಾರಪಟ್ಟಣದ ಪಕ್ಕ. ನಮ್ಮದು ಕಲ್ಲಿನ ಕೆಲಸದ ಮನೆ. ತಾತ ಸೈಜುಗಲ್ಲು ಹೊಡೆಯುತ್ತಿದ್ದರು, ಅಪ್ಪ ವಿಗ್ರಹ ಮಾಡುತ್ತಿದ್ದರು, ನಾನು ಗ್ರಾನೈಟ್ ಮೆಷಿನ್ ಕಡೆ ಬಂದೆ. ಆ ಕೆಲಸದ ಮೇಲೆ ಸ್ಪೇನ್‌ನ ಗಲೀಶಿಯಾದಲ್ಲಿ, ಪೊರಿನ್ಯೋ ಅನ್ನೋ ಊರಲ್ಲಿ, ಕೆಲವು ವರ್ಷ ಇದ್ದೆ. ಗುಲಾಬಿ ಬಣ್ಣದ ಗ್ರಾನೈಟಿಗೆ ಹೆಸರಾದ ಊರು. ರಜಾ ಸಿಕ್ಕಾಗೆಲ್ಲ ಹಳೇ ಚರ್ಚ್ ಹುಡುಕಿಕೊಂಡು ಹೋಗುತ್ತಿದ್ದೆ. ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಯಾವ ಚರ್ಚಿಗೆ ಹೋದರೂ ಬಾಗಿಲು ದಾಟಿದ ತಕ್ಷಣ ಮೇಲೆ ನೋಡಿ. ವಿಗ್ರಹ, ಬಂಗಾರದ ಕೆಲಸ ಎಲ್ಲಾ ಆಮೇಲೆ. ಮಾಡು ಮರದ್ದಾ, ಕಲ್ಲಿನದಾ? ಅದರ ಭಾರ ಎಲ್ಲಿಗೆ ಇಳಿಯುತ್ತಿದೆ? ಇದೊಂದು ಹಿಡಿದುಕೊಂಡರೆ ಸ್ಪೇನ್‌ನ ಚರ್ಚ್‌ಗಳು ತಾವಾಗೇ ಅರ್ಥವಾಗುತ್ತಾ ಹೋಗುತ್ತವೆ.

ಕಲ್ಲಿನ ಗುಣ ನೋಡಿ. ಮೇಲಿಂದ ಎಷ್ಟು ಭಾರ ಹೇರಿದರೂ ತಡೆಯುತ್ತದೆ. ಬಾಗಿಸಿದರೆ ಮಾತ್ರ ತಡೆಯಲ್ಲ. ಎರಡು ಕಂಬದ ಮೇಲೆ ಕಲ್ಲಿನ ತೊಲೆ ಇಟ್ಟರೆ ನಡುಭಾಗ ಕೆಳಕ್ಕೆ ಜಗ್ಗುತ್ತದೆ. ಆಗ ತೊಲೆಯ ಅಡಿಭಾಗ ಎಳೆತಕ್ಕೆ ಸಿಕ್ಕಿ ಬಿರುಕು ಬಿಡುತ್ತದೆ. ತೊಲೆ ಉದ್ದ ಆದಷ್ಟೂ ಅಪಾಯ ಜಾಸ್ತಿ. ಅದಕ್ಕೇ ಆವನಿಯಲ್ಲೂ ನಂದಿಯಲ್ಲೂ ಕಂಬಗಳು ಹತ್ತಿರ ಹತ್ತಿರ. ಕಮಾನಿನಲ್ಲಿ ಯಾವ ಕಲ್ಲೂ ಬಾಗಬೇಕಾಗಿಲ್ಲ. ಒಂದೊಂದು ಕಲ್ಲೂ ಪಕ್ಕದ ಕಲ್ಲನ್ನು ಒತ್ತಿಕೊಂಡು ನಿಲ್ಲುತ್ತದೆ. ಒತ್ತಡ ಅಂದರೆ ಕಲ್ಲಿಗೆ ಹಿಡಿಸಿದ ಕೆಲಸ. ಕೆಳಗೆ ಮರದ ಸೆಂಟ್ರಿಂಗ್ ಕಟ್ಟಿ, ಎರಡೂ ಕಡೆಯಿಂದ ಕಲ್ಲು ಜೋಡಿಸಿಕೊಂಡು ಬಂದು, ನೆತ್ತಿಯ ಕಲ್ಲು ಕೂರಿಸಿ, ಸೆಂಟ್ರಿಂಗ್ ಬಿಚ್ಚುತ್ತಾರೆ. ಆದರೆ ಕಮಾನು ತೆಪ್ಪಗೆ ಇರಲ್ಲ. ಕಾಲು ಅಗಲಿಸಿ ಗೋಡೆಯನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಆ ತಳ್ಳುವಿಕೆಯನ್ನು ಹೇಗೆ ತಡೆಯೋದು ಅನ್ನೋದರಲ್ಲೇ ಆ ಮೇಸ್ತ್ರಿಗಳು ನೂರಾರು ವರ್ಷ ತಲೆ ಕೆಡಿಸಿಕೊಂಡರು.

ನಿಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಗೆ ಉತ್ತರ ಬೇಕಾದರೆ ಮ್ಯಾಡ್ರಿಡ್ ಪಕ್ಕದ ಸೆಗೋವಿಯಾಗೆ ಹೋಗಿ. ರೋಮನ್ನರು ನೀರು ಹಾಯಿಸೋಕೆ ಕಟ್ಟಿದ ಕಮಾನುಗಳ ಸಾಲು ಊರಿನ ನಡುವೆ ಹಾಗೇ ನಿಂತಿದೆ. ಗ್ರಾನೈಟ್ ಕಲ್ಲು, ಗಾರೆ ಇಲ್ಲ, ಬರೀ ಜೋಡಣೆ. ಚರ್ಚ್ ಕಟ್ಟಿದವರ ಕಣ್ಣೆದುರು ಇಂಥದ್ದು ಮೊದಲಿಂದ ಇತ್ತು. ನಮ್ಮವರ ಕಣ್ಣೆದುರು ಬೇರೆ ದಾರಿ ಇತ್ತು. ನಮ್ಮ ಕಡೆಯ ಬಂಡೆಗೆ ಸಾಲಾಗಿ ತೂತು ಹಾಕಿ ಬೆಣೆ ಹೊಡೆದರೆ ಉದ್ದುದ್ದ ಚಪ್ಪಡಿ, ಉದ್ದುದ್ದ ತೊಲೆ ನೀಟಾಗಿ ಸೀಳಿಕೊಂಡು ಬರುತ್ತದೆ. ಅಂಥಾ ಕಲ್ಲು ಕೈಗೆ ಸಿಗುವಾಗ ಅದನ್ನು ಚೂರು ಮಾಡಿ ಕಮಾನು ಕಟ್ಟುವ ಯೋಚನೆ ಯಾಕೆ ಬರಬೇಕು? ಜೊತೆಗೆ ಗರ್ಭಗುಡಿ ಸಣ್ಣದಿರಬೇಕು, ಕತ್ತಲಿರಬೇಕು ಅನ್ನೋದು ನಮ್ಮ ಪದ್ಧತಿ. ಅವರಿಗೆ ಊರಿನವರೆಲ್ಲ ಒಟ್ಟಿಗೆ ಒಂದೇ ಸೂರಿನಡಿ ನಿಂತು ಪ್ರಾರ್ಥನೆ ಮಾಡೋ ಜಾಗ ಬೇಕಿತ್ತು. ಇದು ಕಲ್ಲಿನವನ ಅಭಿಪ್ರಾಯ. ಆದರೆ ಅವಳಿಗೆ ಧೈರ್ಯವಾಗಿ ಹೇಳಿ, ಇಬ್ಬರೂ ತಮ್ಮ ಕಲ್ಲನ್ನು ಚೆನ್ನಾಗಿ ಅರಿತಿದ್ದರು.

ಈಗ ನಿಮ್ಮ ಲಾಳದ ಕಮಾನು. ಅದನ್ನು ಅರಬರು ತಂದರು ಅಂತ ಎಲ್ಲರೂ ಹೇಳುತ್ತಾರೆ. ಅರಬರು ಮತ್ತು ಬರ್ಬರರು ಸ್ಪೇನ್‌ಗೆ ಬಂದಿದ್ದು 711ರಲ್ಲಿ. ಪಲೆನ್ಸಿಯಾ ಹತ್ತಿರ ಸಾನ್ ಹುವಾನ್ ದೆ ಬಾನ್ಯೋಸ್ ಅನ್ನೋ ಪುಟ್ಟ ಚರ್ಚ್ ಇದೆ. ಅರಬರಿಗಿಂತ ಮೊದಲು ಸ್ಪೇನ್ ಆಳುತ್ತಿದ್ದ ವಿಸಿಗೋತ್ ಜನರ ರಾಜ ರೆಸೆಸ್ವಿಂತ್ ಕಟ್ಟಿಸಿದ್ದು, 661ರಲ್ಲಿ. ಕಮಾನಿನ ಮೇಲೆ ಅವನ ಶಾಸನ ಇದೆ. ಕಮಾನು ಲಾಳದ್ದೇ! ಅಂದರೆ ಅರಬರು ಬರುವ ಅರ್ಧ ಶತಮಾನ ಮೊದಲೇ ಆ ಆಕಾರ ಅಲ್ಲಿತ್ತು. ಆಮೇಲೆ ಅರಬರ ರಾಜಧಾನಿ ಕೋರ್ದೊಬಾದ ದೊಡ್ಡ ಮಸೀದಿ ಕಟ್ಟಿದವರು ಅದನ್ನೇ ತೆಗೆದುಕೊಂಡು ಇನ್ನೂ ಒಳಕ್ಕೆ ಬಾಗಿಸಿ, ಕೆಂಪು ಇಟ್ಟಿಗೆ, ಬಿಳಿ ಕಲ್ಲು ಒಂದಾದ ಮೇಲೊಂದು ಇಟ್ಟು ಬೆಳೆಸಿದರು. ಕೋರ್ದೊಬಾದಿಂದ ಉತ್ತರಕ್ಕೆ ಹೋದ ಕ್ರೈಸ್ತ ಸನ್ಯಾಸಿಗಳೇ ಎಸ್ಕಲಾದಾ ಕಟ್ಟಿದ್ದು. ಹೋಗುವಾಗ ಆ ಕಮಾನನ್ನು ಕೈಯಲ್ಲೇ ಕಲಿತುಕೊಂಡು ಹೋದರು. ಚರ್ಚಿಂದ ಮಸೀದಿಗೆ ಹೋಗಿ, ಮಸೀದಿಯಿಂದ ಮತ್ತೆ ಚರ್ಚಿಗೆ ಬಂದ ಕಮಾನು ಅದು.

ಎಸ್ಕಲಾದಾದ ಶಾಸನದ ಕಲ್ಲು ಈಗ ಇಲ್ಲ, ಹಿಂದೆ ನಕಲು ಮಾಡಿಟ್ಟಿದ್ದರಿಂದ ಮಾತು ಉಳಿದಿದೆ. ಇದು ರಾಜಾಜ್ಞೆಯಿಂದ ಕಟ್ಟಿದ್ದಲ್ಲ, ಜನರನ್ನು ಹಿಂಸಿಸಿ ಕಟ್ಟಿದ್ದೂ ಅಲ್ಲ, ಮಠಾಧಿಪತಿ ಅಲ್ಫೋನ್ಸೊ ಮತ್ತು ಸನ್ಯಾಸಿಗಳು ದುಡಿದು 12 ತಿಂಗಳಲ್ಲಿ ಮುಗಿಸಿದ್ದು ಅನ್ನೋ ಅರ್ಥದಲ್ಲಿ ಇದೆ. ದುಡಿದವರ ಬಗ್ಗೆ ಹೀಗೆ ಬರೆಸಿದ ಶಾಸನ ನಾನು ಜಾಸ್ತಿ ನೋಡಿಲ್ಲ. ಕಲ್ಲು ಹೊಡೆಯೋ ಮನೆಯವನಾಗಿ ನನಗೆ ಅದು ದೊಡ್ಡ ಮಾತು. ಒಳಗೆ ಹೋದಾಗ ಮೇಲೆ ನೋಡಿ. ಮಾಡು ಮರದ್ದು. ಹಗುರ. ಅದಕ್ಕೇ ಕಂಬ ಅಷ್ಟು ತೆಳ್ಳಗಿದೆ.

ಕಲ್ಲಿನ ಮಾಡು ನೋಡಬೇಕಾದರೆ ಒವಿಯೇದೊ ಊರಿನ ಮೇಲಿನ ಗುಡ್ಡಕ್ಕೆ ಹೋಗಿ, ಸಾಂತಾ ಮರಿಯಾ ದೆಲ್ ನರಾಂಕೊ. ಸ್ಪೇನ್‌ನಲ್ಲಿ ಒಂದೇ ಒಂದು ಕಟ್ಟಡ ನೋಡು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಅಸ್ತೂರಿಯಾಸ್‌ನ ರಾಜ ಮೊದಲನೇ ರಾಮಿರೊ ತನ್ನ ಅರಮನೆಗೆ ಕಟ್ಟಿಸಿದ ಸಭಾಂಗಣ, 9ನೇ ಶತಮಾನದ ನಡುವಿನದು. ಚರ್ಚ್ ಆಗಿದ್ದು ಆಮೇಲೆ. ಅಲ್ಲಿನ ಬಲಿಪೀಠದ ಮೇಲೆ 848ನೇ ಇಸವಿ ಇದೆ. ನಮ್ಮ ನಂದಿ ದೇವಸ್ಥಾನದ ಹಳೇ ಭಾಗವೂ ಅದೇ ಶತಮಾನದ್ದು ಅಲ್ವಾ? ಮಹಡಿ ಮೇಲಿನ ಉದ್ದನೆ ಹಾಲ್‌ಗೆ ಪೂರ್ತಿ ಕಲ್ಲಿನ ಕಮಾನು ಮಾಡು. ಆ ಮಾಡಿನ ಕೆಳಗೆ ಅಡ್ಡಡ್ಡ ಕಮಾನು ಪಟ್ಟಿಗಳಿವೆ. ಭಾರ ಗೋಡೆಯ ಉದ್ದಕ್ಕೂ ಹಂಚದೆ ಆ ಪಟ್ಟಿಗಳ ಕಡೆ ಹೋಗುತ್ತದೆ. ಈಗ ಹೊರಗೆ ಬಂದು ಗೋಡೆ ನೋಡಿ. ಒಳಗೆ ಎಲ್ಲೆಲ್ಲಿ ಪಟ್ಟಿ ಇದೆಯೋ ಸರಿಯಾಗಿ ಅಲ್ಲೇ ಹೊರಗೆ ಕಲ್ಲಿನ ಒತ್ತುಗೋಡೆ ಎತ್ತಿದ್ದಾರೆ. ತಳ್ಳುವ ಜಾಗಕ್ಕೆ ತಡೆಯುವ ಕಲ್ಲು. ಮುಂದೆ ಇಡೀ ಯುರೋಪ್ ಈ ಲೆಕ್ಕವನ್ನೇ ಹಿಡಿದು ಕಟ್ಟಿತು. ಇಲ್ಲಿ ಅದು ಇನ್ನೂರು ವರ್ಷ ಮೊದಲೇ ಇದೆ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಸಾನ್ ಮಿಗೇಲ್ ದೆ ಲಿಯ್ಯೊ. ಅರ್ಧಕ್ಕಿಂತ ಜಾಸ್ತಿ ಬಿದ್ದುಹೋಗಿದೆ. ಉಳಿದ ಗೋಡೆಯಲ್ಲಿ ಕಲ್ಲನ್ನೇ ಕೊರೆದು ಮಾಡಿದ ಜಾಲಂಧ್ರದ ಕಿಟಕಿ ಇದೆ. ಭೋಗನಂದೀಶ್ವರದ ಜಾಲಂಧ್ರ ನೋಡಿದವರಿಗೆ ಆ ಕೆಲಸದ ಕಷ್ಟ ಗೊತ್ತಿರುತ್ತದೆ. ಕೊನೆಯ ಏಟು ಒಂದು ತಪ್ಪಿದರೂ ಇಡೀ ಕಲ್ಲು ಹೋಯಿತು.

ಶಿರಾಗೇಟ್ ಅಣ್ಣಾ, ತೊಲೇದೊ ಅಂದಿದ್ದು ಸರಿ. ಆದರೆ ಮೇಡಂ, ಅಲ್ಲಿ ದೊಡ್ಡ ಕೆಥೆಡ್ರಲ್ ನೋಡಿದ ಮೇಲೆ ಕ್ರಿಸ್ತೊ ದೆ ಲಾ ಲೂಸ್ ಅನ್ನೋದಕ್ಕೆ ಹೋಗಿ. ನಮ್ಮ ಒಂದು ದೊಡ್ಡ ರೂಮಿನಷ್ಟೇ ಇದೆ. 999ರಲ್ಲಿ ಮಸೀದಿಯಾಗಿ ಕಟ್ಟಿದ್ದು, ಇಸವಿ ಮುಂಭಾಗದ ಇಟ್ಟಿಗೆಯಲ್ಲೇ ಬರೆದಿದೆ. 12ನೇ ಶತಮಾನದಲ್ಲಿ ಚರ್ಚ್ ಆಯಿತು, ಹಿಂದೆ ಇಟ್ಟಿಗೆಯ ಅರ್ಧವೃತ್ತದ ಭಾಗ ಸೇರಿಸಿದರು. ನಡುವೆ ನಾಲ್ಕು ಕಂಬ, ಮೇಲೆ ಒಂಬತ್ತು ಅಂಕಣ. ನವರಂಗದ ಲೆಕ್ಕ! ಆ ಒಂಬತ್ತು ಅಂಕಣದ ಮಾಡೂ ಬೇರೆ ಬೇರೆ. ಒಂದೊಂದರಲ್ಲೂ ಪಟ್ಟಿಗಳು ಒಂದನ್ನೊಂದು ದಾಟುವ ರೀತಿ ಬೇರೆ. ಅರಳಗುಪ್ಪೆ ದೇವಸ್ಥಾನದ ಚಾವಣಿ ನೋಡಿ ಕತ್ತು ನೋಯಿಸಿಕೊಂಡವರಿಗೆ ಇಲ್ಲೂ ಅದೇ ಗತಿ.

ಚಿಂತಾಮಣಿ_ಟೀಚರ್

ಅಣ್ಣಾ, ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಕಮಾನು ಎರಡು ಕಡೆ ಓಡಾಡಿದ ವಿಷಯವನ್ನು ಹಾಗೇ ಬೋರ್ಡ್ ಮೇಲೆ ಬರೆದು ಹೇಳಿಕೊಡುತ್ತೇನೆ. ಸಾಂತಿಯಾಗೊ ಬಗ್ಗೆ ನೀವು ಏನೂ ಬರೆಯಲಿಲ್ಲ? ಪೊರಿನ್ಯೋಗೆ ಅದೇ ಹತ್ತಿರ ಅಂತ ತಮ್ಮ ಹೇಳಿದ. ಮತ್ತೆ ಒಳಗೋಡೆಯ ಚಿತ್ರಗಳು ಎಲ್ಲಿ ಚೆನ್ನಾಗಿ ಉಳಿದಿವೆ? ಮಕ್ಕಳಿಗೆ ತೋರಿಸೋಕೆ ಚಿತ್ರ ಇದ್ದರೆ ಪಾಠ ಸುಲಭ.

ಮಾಲೂರು_ಕಲ್ಲುಕೆಲಸ

ಸಾಂತಿಯಾಗೊ ಬಗ್ಗೆ ಬೇಕಂತಲೇ ಬೇರೆ ಬರೆಯೋಣ ಅಂತ ಇಟ್ಟಿದ್ದೆ. ಅಲ್ಲಿಗೆ ನಾನು ಜಾಸ್ತಿ ಸಲ ಹೋಗಿದ್ದೇನೆ.

ಕಟ್ಟೋಕೆ ಶುರು ಮಾಡಿದ್ದು 1075ರಲ್ಲಿ. ಯೇಸುವಿನ ಶಿಷ್ಯ ಯಾಕೋಬನ ಸಮಾಧಿ ಅಲ್ಲಿದೆ ಅನ್ನೋ ನಂಬಿಕೆ. ಯುರೋಪಿನ ಎಲ್ಲಾ ಕಡೆಯಿಂದ ಜನ ನಡೆದುಕೊಂಡು ಬರುತ್ತಿದ್ದರು, ಈಗಲೂ ಬರುತ್ತಾರೆ. 997ರಲ್ಲಿ ಕೋರ್ದೊಬಾದ ದಂಡನಾಯಕ ಅಲ್ಮನ್ಸೂರ್ ಆ ಊರಿನ ಮೇಲೆ ಬಿದ್ದು ಹಳೇ ಚರ್ಚನ್ನು ಹಾಳುಮಾಡಿದ. ಗಂಟೆಗಳನ್ನು ಕೋರ್ದೊಬಾಗೆ ಹೊರಿಸಿಕೊಂಡು ಹೋದ. 1236ರಲ್ಲಿ ಕ್ರೈಸ್ತ ರಾಜ ಮೂರನೇ ಫರ್ನಾಂಡೊ ಕೋರ್ದೊಬಾ ಗೆದ್ದು ಆ ಗಂಟೆಗಳನ್ನು ವಾಪಸ್ ಹೊರಿಸಿ ಕಳಿಸಿದ ಅಂತ ಹೇಳುತ್ತಾರೆ. ಎರಡು ಸಲವೂ ಹೊತ್ತವರು ಸೆರೆಯಾಳುಗಳು.

ಈಗ ನೋಡೋ ಕೆಥೆಡ್ರಲ್‌ನ ಹೊರ ಮುಖ ಬಹಳ ಆಮೇಲಿನದು. ಅದರ ಹಿಂದೆ ಹಳೇ ಬಾಗಿಲು ಹಾಗೇ ಇದೆ, ಪೋರ್ಟಿಕೊ ದೆ ಲಾ ಗ್ಲೋರಿಯಾ. ಮೇಸ್ತ್ರಿಯ ಹೆಸರು ಮಾತೇಯೊ. ಬಾಗಿಲ ಮೇಲಿನ ಅಡ್ಡಕಲ್ಲಿನಲ್ಲಿ ಅವನ ಹೆಸರೂ 1188ನೇ ಇಸವಿಯೂ ಕೆತ್ತಿದೆ. ಕಲ್ಲು ಗ್ರಾನೈಟ್. ಇದನ್ನು ಒತ್ತಿ ಹೇಳುತ್ತೇನೆ. ಬೇಲೂರು ಹಳೇಬೀಡಿನ ಬಳಪದ ಕಲ್ಲು ಉಳಿಗೆ ಒಗ್ಗುತ್ತದೆ. ಗ್ರಾನೈಟ್ ಕಾಳು ಕಾಳಾಗಿ ಸಿಡಿಯುತ್ತದೆ. ಅಂಥಾ ಕಲ್ಲಲ್ಲಿ ಮಾತೇಯೊ ನಗುವ ಮುಖ ತಂದಿದ್ದಾನೆ. ಎಡಗಡೆ ಪ್ರವಾದಿ ದಾನಿಯೇಲನ ಮುಖ ನೋಡಿ, ತುಟಿಯ ತುದಿ ಎಷ್ಟು ಬೇಕೋ ಅಷ್ಟೇ ಮೇಲೆದ್ದಿದೆ.

ಮೇಲಿನ ಕಮಾನಿನಲ್ಲಿ ಬೈಬಲ್‌ನಲ್ಲಿ ಬರುವ 24 ಮಂದಿ ಹಿರಿಯರು ಸಾಲಾಗಿ ಕೂತಿದ್ದಾರೆ. ಬಹಳಷ್ಟು ಜನರ ಕೈಯಲ್ಲಿ ವಾದ್ಯ. ಸರಿಯಾಗಿ ನೆತ್ತಿಯಲ್ಲಿ ಇಬ್ಬರು ಒಂದೇ ವಾದ್ಯವನ್ನು ತೊಡೆ ಮೇಲೆ ಇಟ್ಟುಕೊಂಡಿದ್ದಾರೆ. ಒಬ್ಬ ಹಿಡಿಕೆ ತಿರುಗಿಸುತ್ತಾನೆ, ಇನ್ನೊಬ್ಬ ಸ್ವರ ಹಿಡಿಯುತ್ತಾನೆ. ಇದನ್ನು ನೋಡಿ ಅಳತೆ ಹಿಡಿದು ಈ ಕಾಲದವರು ಆ ವಾದ್ಯಗಳನ್ನು ಮತ್ತೆ ಮಾಡಿ ನುಡಿಸಿದ್ದಾರೆ. ಕಲ್ಲಿನ ಮೇಲೆ ಬಣ್ಣವೂ ಇತ್ತು. ವರ್ಷಗಟ್ಟಲೆ ಶುಚಿ ಮಾಡಿ 2018ರಲ್ಲಿ ಕೆಲಸ ಮುಗಿಸಿದರು, ಉಳಿದ ಬಣ್ಣ ಈಗ ಕಾಣುತ್ತದೆ. ನಡುಗಂಬ ಮಾತ್ರ ಅಮೃತಶಿಲೆಯದ್ದು, ಅದರಲ್ಲಿ ಐದು ಬೆರಳಿನ ಗುಳಿ ಇದೆ. ನಡೆದು ಬಂದವರೆಲ್ಲ ಅಲ್ಲೇ ಕೈ ಇಟ್ಟು ಇಟ್ಟು ಕಲ್ಲು ಸವೆದಿದೆ. ಈಗ ಮುಟ್ಟೋಕೆ ಬಿಡಲ್ಲ. ಒಳ್ಳೇದೇ.

ಇನ್ನೊಂದು. ಆ ಕಾಲದ ಚರ್ಚ್‌ಗಳ ಗೋಡೆಗೆ ಮುಖ ಹತ್ತಿರ ತಂದು ನೋಡಿ. ಕೆಲವು ಕಲ್ಲಿನ ಮೇಲೆ ಸಣ್ಣ ಗುರುತು ಸಿಗುತ್ತದೆ. ಒಂದು ಬಾಣ, ಒಂದು ನಕ್ಷತ್ರ, ಒಂದು ಅಕ್ಷರ. ಕಲ್ಲುಕುಟಿಗರ ಗುರುತು. ಎಷ್ಟು ಕಲ್ಲು ಹೊಡೆದರೋ ಅಷ್ಟಕ್ಕೆ ಕೂಲಿ, ಲೆಕ್ಕಕ್ಕೆ ಗುರುತು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ತಾತ ಸೈಜುಗಲ್ಲಿನ ಮೂಲೆಗೆ ಎರಡು ಗೀರು ಹಾಕುತ್ತಿದ್ದರು, ಸಂಜೆ ಲಾರಿ ಬಂದಾಗ ಎಣಿಸೋಕೆ. ಗೈಡ್‌ಗಳು ಈ ಗುರುತು ತೋರಿಸದೆ ಮುಂದೆ ಹೋಗುತ್ತಾರೆ. ನೀವು ಹುಡುಕಿ.

ಚಿತ್ರದ ವಿಷಯ. ಸ್ಥಳದಲ್ಲೇ ಉಳಿದಿರುವುದು ಬೇಕಾದರೆ ಲೆಯೋನ್‌ನ ಸಾನ್ ಇಸಿದೋರೊ. ರಾಜರ ಸಮಾಧಿ ಇರುವ ತಗ್ಗು ಮಂಟಪ. ಮಾಡಿನ ತುಂಬಾ 12ನೇ ಶತಮಾನದ ಚಿತ್ರ, ಕೈಗೆಟುಕುವಷ್ಟು ಹತ್ತಿರ ಅನ್ನಿಸುತ್ತದೆ. ಒಂದು ಕಮಾನಿನ ಒಳಬದಿಯಲ್ಲಿ 12 ತಿಂಗಳ ಬೇಸಾಯ ಬರೆದಿದ್ದಾರೆ. ಫೆಬ್ರವರಿಯಲ್ಲಿ ಒಬ್ಬ ಬೆಂಕಿ ಕಾಯಿಸುತ್ತಾನೆ. ಮಾರ್ಚ್‌ನಲ್ಲಿ ದ್ರಾಕ್ಷಿ ಬಳ್ಳಿ ಸವರುತ್ತಾನೆ. ಜುಲೈನಲ್ಲಿ ಕೊಯ್ಲು, ಆಗಸ್ಟ್‌ನಲ್ಲಿ ಒಕ್ಕಣೆ, ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಕೀಳೋದು. ರಾಜರ ಸಮಾಧಿಯ ಮೇಲೆ ರೈತನ ವರ್ಷ! ನಿಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಪಾಠ ಬೇಕಾ?

ಬೇರೆ ಕಡೆ ಚಿತ್ರಗಳು ಊರು ಬಿಟ್ಟಿವೆ. ಪಿರೆನೀಸ್ ಬೆಟ್ಟದ ತಾವುಲ್ ಹಳ್ಳಿಯ ಸಾನ್ ಕ್ಲಿಮೆಂತ್ ಚರ್ಚ್ 1123ರ ಡಿಸೆಂಬರ್ 10ರಂದು ಪ್ರತಿಷ್ಠೆಯಾಯಿತು, ದಿನಾಂಕ ಅಲ್ಲಿನ ಕಂಬದ ಮೇಲೇ ಬರೆದಿತ್ತು. ಅಲ್ಲಿನ ಕ್ರಿಸ್ತನ ಚಿತ್ರ ಈಗ ಬಾರ್ಸಿಲೋನಾದ ಮ್ಯೂಸಿಯಂನಲ್ಲಿದೆ. 1919ರಿಂದ 1923ರ ನಡುವೆ ಆ ಕಣಿವೆಯ ಚಿತ್ರಗಳನ್ನು ಗೋಡೆಯಿಂದ ಬಿಡಿಸಿದರು. ಗೋಡೆಗೆ ಅಂಟು ಹಚ್ಚಿದ ಬಟ್ಟೆ ಮೆತ್ತುತ್ತಾರೆ. ಒಣಗಿದ ಮೇಲೆ ಎಳೆದರೆ ಬಣ್ಣದ ಪದರ ಬಟ್ಟೆಗೆ ಅಂಟಿಕೊಂಡು ಬರುತ್ತದೆ. ಸುರುಳಿ ಸುತ್ತಿ ಬೆಟ್ಟ ಇಳಿಸಿದರು. ಕೊಳ್ಳುವವರು ಹೊರದೇಶಕ್ಕೆ ಸಾಗಿಸೋಕೆ ಶುರು ಮಾಡಿದ್ದರಿಂದ ಬಾರ್ಸಿಲೋನಾದವರು ಹಾಗೆ ಮಾಡಬೇಕಾಯಿತು. ಸೋರಿಯಾ ಕಡೆಯ ಸಾನ್ ಬೌದೇಲಿಯೊಗೆ ಆ ಅದೃಷ್ಟ ಇರಲಿಲ್ಲ. ಅದರ ಚಿತ್ರಗಳಲ್ಲಿ ಬಹಳಷ್ಟು 1920ರ ದಶಕದಲ್ಲಿ ಮಾರಾಟವಾಗಿ ಅಮೆರಿಕಕ್ಕೆ ಹೋದವು. ಕೆಲವು 1957ರಲ್ಲಿ ವಾಪಸ್ ಬಂದು ಮ್ಯಾಡ್ರಿಡ್‌ನ ಪ್ರಾದೋ ಮ್ಯೂಸಿಯಂನಲ್ಲಿವೆ. ಅದಕ್ಕೆ ಬದಲಾಗಿ ಫುಯೆಂತಿದುಯೆನ್ಯಾ ಊರಿನ ಚರ್ಚಿನ ಹಿಂಭಾಗವನ್ನೇ ಕಲ್ಲು ಕಲ್ಲಾಗಿ ಬಿಚ್ಚಿ ನ್ಯೂಯಾರ್ಕ್‌ಗೆ ಕಳಿಸಿದರು. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಆದರೂ ಸಾನ್ ಬೌದೇಲಿಯೊಗೆ ಹೋಗಬಹುದು. ಹೊರಗಿಂದ ಬರೀ ಕಲ್ಲಿನ ಡಬ್ಬ. ಒಳಗೆ ಒಂದೇ ದಪ್ಪ ಕಂಬ. ಅದರ ತಲೆಯಿಂದ ಎಂಟು ಕಮಾನುಗಳು ಈಚಲು ಗರಿಯ ಹಾಗೆ ಸುತ್ತ ಚಾಚಿ ಮಾಡನ್ನು ಹೊತ್ತಿವೆ. ಮಾರೋಕಾಗದ್ದು ಅದೊಂದೇ.

ನಂದಿತಪ್ಪಲು_ದ್ರಾಕ್ಷಿ

ನಾನು ಚಿಕ್ಕಬಳ್ಳಾಪುರದ ಪಕ್ಕ ದ್ರಾಕ್ಷಿ ತೋಟದವನು. ಚರ್ಚ್ ವಿಷಯ ನನಗೆ ಗೊತ್ತಿಲ್ಲ, ಆ ತಿಂಗಳ ಚಿತ್ರ ಹುಡುಕಿ ನೋಡಿದೆ. ಮಾರ್ಚ್‌ನವನು ಬಗ್ಗಿ ಬಳ್ಳಿ ಕತ್ತರಿಸ್ತಾ ಇದ್ದಾನೆ. ಬಳ್ಳಿ ನೆಲಕ್ಕೆ ಗಿಡ್ಡಗಿದೆ, ನಮ್ಮ ಹಾಗೆ ಚಪ್ಪರ ಇಲ್ಲ. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ಚಿಗುರೋಕೆ ಮುಂಚೆ ಕಟಿಂಗ್ ಮಾಡುತ್ತಾರೆ, ಅದಕ್ಕೇ ಅಲ್ಲಿ ವರ್ಷಕ್ಕೆ ಒಂದೇ ಬೆಳೆ. ನಮ್ಮ ಹವಾಮಾನದಲ್ಲಿ ಬಳ್ಳಿ ಹಾಗೆ ಮಲಗಲ್ಲ, ನಾವು ಕತ್ತರಿಸಿದಾಗ ಚಿಗುರುತ್ತದೆ. 900 ವರ್ಷ ಹಿಂದಿನ ರೈತ ಸರಿಯಾದ ತಿಂಗಳಲ್ಲೇ ಕತ್ತರಿ ಹಿಡಿದಿದ್ದಾನೆ. ಬರೆದವನು ತೋಟಕ್ಕೆ ಹೋಗಿ ನೋಡಿ ಬರೆದಿರಬಹುದು ಅಂತ ನನಗೆ ಅನ್ನಿಸುತ್ತದೆ. ಟೀಚರಮ್ಮ, ಮಕ್ಕಳಿಗೆ ಹೇಳಿ.

ಶಿರಾಗೇಟ್_ತುಮಕೂರು

ಮಾಲೂರು ಅಣ್ಣಾ, ಓದಿ ನನಗೂ ಹೋಗಬೇಕು ಅನ್ನಿಸುತ್ತಿದೆ. ಆದರೆ ನೀವು ಗೋಥಿಕ್ ಪೂರ್ತಿ ಬಿಟ್ಟಿರಿ. ಮೇಡಂ ಕೇಳಿದ್ದು ಕಂಬವಿಲ್ಲದ ಅಗಲ ಜಾಗದ ಬಗ್ಗೆ ಅಲ್ವಾ? ಅದಕ್ಕೆ ದೊಡ್ಡ ಕೆಥೆಡ್ರಲ್ಲೇ ನೋಡಬೇಕು.

ಮಾಲೂರು_ಕಲ್ಲುಕೆಲಸ

ಒಪ್ಪಿದೆ ಅಣ್ಣಾ. ಅದನ್ನೂ ಹೇಳುತ್ತೇನೆ.

ಸಾಂತಿಯಾಗೊದಂಥ ಹಳೇ ಚರ್ಚ್‌ಗಳಲ್ಲಿ ಕಮಾನಿನ ತಳ್ಳುವಿಕೆಯನ್ನು ದಪ್ಪ ಗೋಡೆ ತಡೆಯುತ್ತಿತ್ತು. ಗೋಡೆಗೆ ದೊಡ್ಡ ಕಿಟಕಿ ಇಟ್ಟರೆ ಶಕ್ತಿ ಹೋಗುತ್ತದೆ, ಅದಕ್ಕೇ ಒಳಗೆ ಕತ್ತಲು. ಗೋಥಿಕ್ ಮೇಸ್ತ್ರಿಗಳು ಕಮಾನಿನ ನೆತ್ತಿ ಚೂಪು ಮಾಡಿದರು. ಚೂಪು ಕಮಾನು ಪಕ್ಕಕ್ಕೆ ತಳ್ಳೋದು ಕಡಿಮೆ. ಮಾಡಿನ ಭಾರವನ್ನು ಕಲ್ಲಿನ ಪಟ್ಟಿಗಳ ಮೇಲೆ ಹರಿಸಿ ನಾಲ್ಕು ಮೂಲೆಗೆ ತಂದರು. ಅಲ್ಲಿ ಹೊರಗಿಂದ ಓರೆಯಾಗಿ ಕಲ್ಲಿನ ಊರುಗೋಲು ಕೊಟ್ಟರು. ಗೋಡೆಗೆ ಕೆಲಸವೇ ಉಳಿಯಲಿಲ್ಲ, ಆ ಜಾಗಕ್ಕೆ ಗಾಜು ಬಂತು. ಲೆಯೋನ್ ಕೆಥೆಡ್ರಲ್‌ನಲ್ಲಿ ಹತ್ತಿರ ಹತ್ತಿರ 1,800 ಚದರ ಮೀಟರ್ ಬಣ್ಣದ ಗಾಜಿದೆ. ಸಾನ್ ಇಸಿದೋರೊ ಇರೋದೂ ಅದೇ ಊರಲ್ಲಿ, ನಡೆದುಕೊಂಡೇ ಹೋಗಬಹುದು. ಬೆಳಿಗ್ಗೆ ಸಾನ್ ಇಸಿದೋರೊ ನೋಡಿ, ಸಂಜೆ ಬಿಸಿಲಿಗೆ ಕೆಥೆಡ್ರಲ್‌ಗೆ ಹೋಗಿ. ಪಶ್ಚಿಮದ ದುಂಡು ಕಿಟಕಿ ಆಗ ಉರಿಯುತ್ತದೆ.

ಕಂಬವಿಲ್ಲದ ಅಗಲ ಜಾಗ ಅಂದರೆ ಜಿರೋನಾ. ಕತಲೂನ್ಯದಲ್ಲಿದೆ, ಬಾರ್ಸಿಲೋನಾ ಆಚೆ. ನಡುವೆ ಕಂಬವೇ ಇಲ್ಲದೆ ಹತ್ತಿರ ಹತ್ತಿರ 23 ಮೀಟರ್ ಅಗಲ, ಅಂದರೆ 75 ಅಡಿ. ಪ್ರಪಂಚದ ಯಾವ ಗೋಥಿಕ್ ಚರ್ಚಿನ ನಡುಭಾಗವೂ ಇಷ್ಟು ಅಗಲ ಇಲ್ಲ. ಅರ್ಧ ಕಟ್ಟಿದ ಮೇಲೆ ಇದು ನಿಲ್ಲುತ್ತಾ ಅನ್ನೋ ಭಯ ಬಂತು. 1416ರಲ್ಲಿ ಬೇರೆ ಬೇರೆ ಊರಿಂದ ಮೇಸ್ತ್ರಿಗಳನ್ನು ಕರೆಸಿ ಒಬ್ಬೊಬ್ಬರಿಗೂ ಪ್ರಶ್ನೆ ಕೇಳಿ ಹೇಳಿಕೆ ಬರೆಸಿಕೊಂಡರು. ಕಂಬ ಹಾಕಿ ಮೂರು ಭಾಗ ಮಾಡೋದೇ ವಾಸಿ ಅಂದವರು ಜಾಸ್ತಿ. ಅಲ್ಲಿ ಕೆಲಸ ನಡೆಸುತ್ತಿದ್ದ ಮೇಸ್ತ್ರಿ ಗಿಯೆಮ್ ಬೊಫಿಲ್, ಒಂದೇ ಭಾಗ ಮಾಡಿದರೂ ನಿಲ್ಲುತ್ತದೆ, ಬೆಳಕೂ ಚೆನ್ನಾಗಿ ಬರುತ್ತದೆ ಅಂದ. ಚರ್ಚಿನವರು ಅವನ ಮಾತು ನಂಬಿದರು. ಇವತ್ತಿಗೂ ನಿಂತಿದೆ. ಆ ಹೇಳಿಕೆಗಳೂ ಉಳಿದಿವೆ.

ಬಾರ್ಸಿಲೋನಾಗೆ ಹೋದರೆ ಸಾಂತಾ ಮರಿಯಾ ದೆಲ್ ಮಾರ್ ಕೂಡ. 1329ರಿಂದ 1383, ಆ ಕಾಲಕ್ಕೆ ಬಹಳ ಬೇಗ. ಬಂದರಿನ ಹಮಾಲಿಗಳು ಮೊಂಜುಯಿಕ್ ಬೆಟ್ಟದಿಂದ ಬೆನ್ನಿನ ಮೇಲೆ ಕಲ್ಲು ಹೊತ್ತು ತಂದರು. ಬಾಗಿಲ ಮೇಲೆ ಅವರ ಸಣ್ಣ ಕಂಚಿನ ಬೊಂಬೆ ಇದೆ, ಬೆನ್ನು ಬಗ್ಗಿಸಿ ಹೊರೆ ಹೊತ್ತಿರೋದು. ತಪ್ಪದೆ ನೋಡಿ.

ಒಂದು ವಾರಕ್ಕೆ ಎರಡೂ ಕಡೆ ಆಗಲ್ಲ ಮೇಡಂ. ಬಾರ್ಸಿಲೋನಾ, ಜಿರೋನಾ, ಸೆವಿಲ್ ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಈ ಸಲ ಸೆಗೋವಿಯಾ, ತೊಲೇದೊ ಮ್ಯಾಡ್ರಿಡ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಆಮೇಲೆ ಲೆಯೋನ್‌ಗೆ ಹೋಗಿ ಎರಡು ರಾತ್ರಿ ಉಳಿಯಿರಿ, ಅಲ್ಲಿಂದ ಒವಿಯೇದೊ. ರೈಲು ಚೆನ್ನಾಗಿದೆ, ಒವಿಯೇದೊ ಕಡೆಗೆ 2023ರ ಕೊನೆಯಿಂದ ಹೊಸ ಹೈಸ್ಪೀಡ್ ಲೈನ್ ಇದೆ. ಸಾಂತಿಯಾಗೊ ಸೇರಿಸಿದರೆ ಓಡಾಟವೇ ಆಗುತ್ತದೆ, ನಿಮ್ಮ ತಮ್ಮನಿಗೆ ಇನ್ನೆರಡು ದಿನ ರಜಾ ಸಿಕ್ಕರೆ ಮಾತ್ರ ಹೋಗಿ.

ಚಿಂತಾಮಣಿ_ಟೀಚರ್

ಹಾಗೇ ಮಾಡುತ್ತೇವೆ ಅಣ್ಣಾ. ತಮ್ಮನಿಗೆ ಈ ಪೇಜ್ ಕಳಿಸಿದೆ, ಕಾರು ಬುಕ್ ಮಾಡೋಣ ಅಂದ. ಎಸ್ಕಲಾದಾಗೆ ಲೆಯೋನ್‌ನಿಂದ ಹೇಗೆ ಹೋಗೋದು?

ಮಾಲೂರು_ಕಲ್ಲುಕೆಲಸ

ಕಾರಲ್ಲಿ ಅರ್ಧ ಗಂಟೆ ಚಿಲ್ಲರೆ. ಸೋಮವಾರ ಬೇಡ, ಆ ಕಡೆ ಇಂಥ ಜಾಗಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಮಧ್ಯಾಹ್ನ ಊಟದ ಹೊತ್ತಿಗೂ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ಹೊರಡಿ. ನರಾಂಕೊ ಒಳಗೆ ಗೈಡ್ ಜೊತೆ ಸಣ್ಣ ಗುಂಪಾಗಿ ಬಿಡುತ್ತಾರೆ, ಟೈಮ್ ಮೊದಲೇ ವಿಚಾರಿಸಿ. ಎರಡು ಕಡೆಯೂ ಹೊರಗೆ ಒಂದು ಸುತ್ತು ಬಂದು ಆಮೇಲೆ ಒಳಗೆ ಹೋಗಿ. ಒತ್ತುಗೋಡೆ ಎಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ ಒಳಗಿನ ಪಟ್ಟಿ ತಾನಾಗೇ ಕಣ್ಣಿಗೆ ಬೀಳುತ್ತದೆ. ಫೋಟೋ ತೆಗೆದರೆ ಒಂದೇ ಜಾಗವನ್ನು ಒಳಗಿಂದ ಒಂದು, ಹೊರಗಿಂದ ಒಂದು ತೆಗೆಯಿರಿ, ಮಕ್ಕಳಿಗೆ ಪಕ್ಕ ಪಕ್ಕ ಇಟ್ಟು ತೋರಿಸಬಹುದು. ಕುತ್ತಿಗೆಗೆ ಒಂದು ದುಪ್ಪಟ್ಟ ಇಟ್ಟುಕೊಳ್ಳಿ, ಮೇ ತಿಂಗಳಲ್ಲೂ ಆ ಕಲ್ಲಿನೊಳಗೆ ಚಳಿ ಇರುತ್ತದೆ.